ಹಾಲಿನ ಹೊತ್ತಿನ ಮುಹೂರ್ತ

ಕದಿರಪ್ಪನ ಹಿರಿಯ ಮಗಳು ಅನಿತಳ ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವ ಹೊತ್ತಿನ ಫೋಟೊಗಳು ಹನ್ನೆರಡಿವೆ. ಅವುಗಳಲ್ಲಿ ಲೈಟು ಹಿಡಿದವನ ಮೊಣಕೈ ಇದೆ, ಬೀಗರ ಕಡೆಯ ಯಾರೋ ಆಕಳಿಸುತ್ತಿರುವುದಿದೆ, ಛತ್ರದ ಮ್ಯಾನೇಜರೂ ಇದ್ದಾನೆ. ಹೆಣ್ಣಿನ ತಂದೆ ಮಾತ್ರ ಇಲ್ಲ. ಆ ಗಳಿಗೆಯಲ್ಲಿ ಅವನು ಕೋಲಾರದ ಆ ಛತ್ರದ ಉಗ್ರಾಣದ ಬಾಗಿಲ ಮುಂದೆ ನಿಂತು, ಬೀಗದ ಕೈಯನ್ನು ಯಾರಿಗೆ ಕೊಟ್ಟೆನೆಂದು ನೆನಪಿಸಿಕೊಳ್ಳುತ್ತಿದ್ದ. ಮಧ್ಯಾಹ್ನದ ಊಟದ ಬೇಳೆ ಒಳಗಿತ್ತು.

ಆದ್ದರಿಂದ ಎರಡನೆಯ ಮಗಳು ಧನಶ್ರೀಯ ಮದುವೆ ಗೊತ್ತಾದ ದಿನವೇ ಅವನು ಸಾರಿಬಿಟ್ಟ. ಛತ್ರವಿಲ್ಲ, ಹಿಂದಿನ ರಾತ್ರಿಯ ರಿಸೆಪ್ಷನ್ನಿಲ್ಲ, ಮಧ್ಯಾಹ್ನದ ಊಟವಂತೂ ಇಲ್ಲವೇ ಇಲ್ಲ. ಮನೆಯ ಮುಂದೆ ಚಪ್ಪರ, ಬೆಳಗಿನ ಮುಹೂರ್ತ, ಆಮೇಲೆ ಇಡ್ಲಿ, ವಡೆ, ಕೇಸರಿಬಾತು, ಕಾಫಿ. ಒಂಬತ್ತಕ್ಕೆ ಎಲೆ ಎತ್ತಿದರೆ ಮುಗಿಯಿತು.

"ಈ ಸಲ ತಾಳಿ ಕಟ್ಟೋದನ್ನ ನಾನು ಕಣ್ಣಾರೆ ನೋಡ್ತೀನಿ. ಅದ್ಯಾವನು ಅಡ್ಡ ಬರ್ತಾನೋ ಬರ್ಲಿ," ಎಂದ.

ಅಡ್ಡ ಬಂದವಳು ಆವನಿ ಊರಿಗೆ ಕೊಟ್ಟಿದ್ದ ಅವನ ಅಕ್ಕ ದೊಡ್ಡಗಂಗಮ್ಮ. "ಲೇ ಕದಿರಾ, ಮದ್ವೆ ಮಾಡ್ತಿದೀಯೋ ಇಲ್ಲಾ ಹೋಟ್ಲು ಇಡ್ತಿದೀಯೋ? ಅನ್ನ ಸಾರು ಕಾಣದ ಮದ್ವೆ ಅಂತ ಗೊತ್ತಾದ್ರೆ ನಾನು ಆವನೀಲಿ ಹೆಂಗೋ ತಲೆ ಎತ್ತಲಿ?"

"ಊರ್ಕೋ ಅಕ್ಕಾ, ಸುಮ್ನಿರು. ಇಡ್ಲೀನೂ ಅಕ್ಕೀಲೇ ಮಾಡೋದು."

ಕದಿರಪ್ಪ ಶ್ರೀನಿವಾಸಪುರದ ಪಕ್ಕದ ಚಿಂತಲಪಲ್ಲಿಯವನು. ಅಲ್ಲಿನ ಹಾಲಿನ ಡೈರಿಗೆ ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ಪುರೋಹಿತರು ಆರೂ ಐವತ್ತರಿಂದ ಏಳೂ ಮೂವತ್ತೈದು ಎಂದಾಗ ಬಲು ಸಂತೋಷದಿಂದ ಒಪ್ಪಿದ. ಅದು ಸರಿಯಾಗಿ ಊರ ಹಾಲೆಲ್ಲ ಡೈರಿಗೆ ಬಂದು ಏಳರ ವ್ಯಾನು ಹತ್ತುವ ಹೊತ್ತೆಂದು ಊರಿನಲ್ಲಿ ಎಲ್ಲರಿಗೂ ಹೊಳೆಯಿತು. ಕಾರ್ಯದರ್ಶಿಗೇ ಹೊಳೆದಿರುವುದಿಲ್ಲವೇ ಎಂದುಕೊಂಡು ಯಾರೂ ಬಾಯಿ ಬಿಡಲಿಲ್ಲ. ಅವನಿಗೆ ಹೊಳೆದದ್ದು ಮದುವೆಗೆ ಎರಡು ದಿನವಿರುವಾಗ, ಸ್ನಾನ ಮಾಡುತ್ತ, ಮೈಯೆಲ್ಲ ಸೋಪಾಗಿದ್ದಾಗ.

ಹೆದರುವ ಆಸಾಮಿಯಲ್ಲ. ಡೈರಿಯ ಮೈಕಿನಲ್ಲಿ ಕೂಗಿಸಿದ: "ಮದುವೆ ದಿನ ಎಲ್ಲರೂ ಒಂದು ಗಂಟೆ ಮುಂಚೆ, ಬೆಳಿಗ್ಗೆ ಐದಕ್ಕೇ ಹಾಲು ಹಾಕತಕ್ಕದ್ದು. ಆಮೇಲೆ ಯಾರ ಮನೇಲೂ ಒಲೆ ಹಚ್ಚಬೇಡಿ, ಕಾಫಿಯಿಂದ ಹಿಡಿದು ಎಲ್ಲ ನಮ್ಮನೇಲೇ." ಜನ ಒಪ್ಪಿದರು. ಹಸುಗಳನ್ನು ಯಾರೂ ಕೇಳಿರಲಿಲ್ಲ.

ಮದುವೆಯ ದಿನ ಐದಕ್ಕೆ ಡೈರಿ ತೆರೆದ, ಹಾಲಿನ ಕೊಬ್ಬು ಅಳೆಯುವ ಟೆಸ್ಟರ್ ಮುನೇಶ್, ಅರ್ಧ ಗಂಟೆ ಕಾದು, ಬಂದ ಎರಡೂವರೆ ಲೀಟರು ಹಾಲನ್ನು ಅಳೆದು, ಬೀಗ ಹಾಕಿ, ಚಪ್ಪರಕ್ಕೆ ಬಂದು ಕೇಸರಿಬಾತಿನ ರುಚಿ ನೋಡುತ್ತ ಕುಳಿತ. ಆರೂ ಇಪ್ಪತ್ತಕ್ಕೆ ರೇಷ್ಮೆ ಪಂಚೆಯುಟ್ಟು, ತಲೆಗೆ ಪೇಟ ಇಟ್ಟುಕೊಂಡು ಹೊರಬಂದ ಕದಿರಪ್ಪ ನೋಡುತ್ತಾನೆ, ಚಪ್ಪರದ ಬಾಗಿಲಿಂದ ಬೀದಿಯ ತಿರುವಿನವರೆಗೆ ಜನರ ಸಾಲು. ಮೈಮೇಲೆ ಜರತಾರಿ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಹಾಲಿನ ಕ್ಯಾನು.

"ಇದೇನಮ್ಮಾ ಅಂಜಮ್ಮಾ? ಐದಕ್ಕೆ ಅಂತ ಹೇಳಿರ್ಲಿಲ್ವಾ?" ಎಂದ, ಸಾಲಿನ ತಲೆಯಲ್ಲಿದ್ದವಳಿಗೆ.

"ನೀನು ಹೇಳ್ದೆ, ನಾನು ಕೇಳಿಸ್ಕೊಂಡೆ. ಹಸು ಕೇಳಿಸ್ಕೋಬೇಕಲ್ಲಪ್ಪಾ? ಐದಕ್ಕೆ ಹೋಗಿ ಕೆಚ್ಚಲಿಗೆ ಕೈ ಹಾಕಿದ್ರೆ, ಬಾಡಿಗೆ ಕೇಳೋಕೆ ಬಂದವ್ಳನ್ನ ನೋಡ್ದಂಗೆ ನೋಡ್ತು. ಈಗ ಹಾಲು ತಗೊಂತೀಯೋ, ಇಲ್ಲಾ ಕ್ಯಾನು ತೊಡೆ ಮೇಲಿಟ್ಕೊಂಡೇ ಅಕ್ಷತೆ ಹಾಕ್ಲೋ?"

ಏಳಕ್ಕೆ ಹಾಲಿನ ವ್ಯಾನು ಬರುತ್ತದೆ. ಊರ ಹಾಲು ಕೆಟ್ಟರೆ ಮದುವೆಗೇ ಕೆಟ್ಟ ಹೆಸರು. ದೊಡ್ಡಗಂಗಮ್ಮ ತನ್ನ ದಪ್ಪ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದಳು. "ಛತ್ರದಲ್ಲಿ ಮಾಡಿದ್ರೆ ಈ ಗೋಳಿತ್ತೇನೋ?" ಎಂದಳು, ಚಪ್ಪರದ ಹಿಂದಿನ ಸಾಲಿಗೂ ಕೇಳುವ ಹಾಗೆ.

ಆ ಮಾತು ಕದಿರಪ್ಪನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. "ಲೇ ಮುನೇಶಾ! ಎದ್ದೇಳೋ. ತಕ್ಕಡಿ, ಫ್ಯಾಟ್ ಮಿಷನ್ನು ಎಲ್ಲಾ ಇಲ್ಲಿಗೇ ತಗೊಂಬಾ. ಹಸೆಮಣೆ ಪಕ್ಕದಲ್ಲೇ ಇಡು. ಹಾಲೂ ತಗೊಂತೀನಿ, ತಾಳೀನೂ ನೋಡ್ತೀನಿ!"

ಹಾಗೆಯೇ ಆಯಿತು. ಒಂದು ಕಡೆ ಮಂತ್ರ, ಇನ್ನೊಂದು ಕಡೆ ಮಿಷನ್ನಿನ ಕೀಂ ಕೀಂ. ಪುರೋಹಿತರು ಗೋತ್ರ ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುನೇಶನ ಗಂಟಲು: "ಅಂಜಮ್ಮ, ಮೂರು ಪಾಯಿಂಟ್ ಒಂಬತ್ತು!" ಮಾಸ್ತಿಯ ಕಡೆಯ ಮದುಮಗ ಸುರೇಶನಿಗೆ ಅದು ತನ್ನ ಬಗ್ಗೆಯೇ ಏನೋ ಎನಿಸಿ, ಹುಡುಗಿಯ ಮುಖ ನೋಡಿದ. ಧನಶ್ರೀ ಸೆರಗಿನಲ್ಲಿ ನಗುತ್ತಿದ್ದಳು.

ಏಳಕ್ಕೆ ವ್ಯಾನು ಬಂದು ಹಾರನ್ ಹೊಡೆಯಿತು. ಕದಿರಪ್ಪ ಪಂಚೆ ಎತ್ತಿ ಕಟ್ಟಿ ತಾನೇ ಕ್ಯಾನುಗಳಿಗೆ ಹಾಲು ಸುರಿದ. "ಒಂದು ತೊಟ್ಟೂ ಉಳೀಬಾರ್ದು! ಮದ್ವೆ ಮನೇಂದ ಹಾಲು ಹಾಳಾಯ್ತು ಅಂತ ಯಾರೂ ಅನ್ನಬಾರ್ದು!" ಹಸೆಮಣೆಯ ಪಕ್ಕದಲ್ಲಿ, ಬಾಯಿಗೆ ಮಾವಿನೆಲೆ ಇಟ್ಟ ದೊಡ್ಡ ಹಿತ್ತಾಳೆ ಬಿಂದಿಗೆಯೊಂದಿತ್ತು. ತುಂಬ ಹಾಲು. "ಇದ್ಯಾರದ್ದು, ಚೀಟಿ ಇಲ್ದೆ ಬಿಟ್ಟಿದಾರೆ?" ಎಂದು ಎಲೆ ಕಿತ್ತು ಬಿಸಾಕಿ ಅದನ್ನೂ ಸುರಿದ. ಸೀಲು ಬಿತ್ತು. ವ್ಯಾನು ಹೋಯಿತು. ಕದಿರಪ್ಪ ಬೆವರೊರೆಸಿಕೊಂಡು, ಗೆದ್ದವನ ಹಾಗೆ ಅಕ್ಕನ ಕಡೆ ನೋಡಿ, ಮಣೆಯ ಮೇಲೆ ಕುಳಿತ.

"ಧಾರೆಗೆ ಹಾಲು ತನ್ನಿ," ಎಂದರು ಪುರೋಹಿತರು.

ಹೆಂಡತಿ ಭಾರತಮ್ಮ ಬಿಂದಿಗೆಯ ಕಡೆ ತಿರುಗಿದಳು. ಬಗ್ಗಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನಿಗೆ ಆ ನೋಟದ ಅರ್ಥ ಕೇಳುವ ಅಗತ್ಯವಿರಲಿಲ್ಲ.

"ಧಾರೆಗೂ ಕಾಫಿಗೂ ಅಂತ ಎತ್ತಿಟ್ಟಿದ್ದೆ ಕಣ್ರೀ..."

"ಯಾರ ಮನೇಲಾದ್ರೂ ಒಂದು ಲೋಟ ತನ್ನಿ!" ಎಂದು ಕದಿರಪ್ಪ ಕೂಗಿದ.

"ಯಾರ ಮನೇಲಿರುತ್ತಪ್ಪಾ?" ಎಂದಳು ಅಂಜಮ್ಮ. "ಒಲೆ ಹಚ್ಚಬೇಡಿ ಅಂತ ಮೈಕಲ್ಲಿ ಕೂಗಿಸ್ದೋನು ನೀನೇ. ಇದ್ದಬದ್ದದ್ದೆಲ್ಲಾ ತಂದು ನಿಂಗೇ ಹಾಕಿದೀವಿ."

ಇನ್ನೂರು ಹಸುಗಳ ಊರಿನಲ್ಲಿ, ಡೈರಿ ಕಾರ್ಯದರ್ಶಿಯ ಮಗಳ ಧಾರೆಗೆ ಒಂದು ಸೌಟು ಹಾಲಿಲ್ಲ. ವ್ಯಾನಿನಲ್ಲಿ ಹೋದ ಕ್ಯಾನಿನ ಸೀಲು ಒಡೆಸುವ ಅಧಿಕಾರ ಕಾರ್ಯದರ್ಶಿಗೆ ಮಾತ್ರ. ಕದಿರಪ್ಪ ಸ್ಕೂಟರಿಗೆ ಹಾರಿದ. "ಹದಿನೈದು ನಿಮಿಷ ಮಂತ್ರ ಎಳೀರಿ ಸ್ವಾಮೀ!"

"ಲೇ ಕದಿರಾ, ನಿಲ್ಲೋ! ನಿಲ್ಲೋ ಅಂದೆ!" ಹಿಂದಿನಿಂದ ಅಕ್ಕನ ದನಿ ಬಂತು. ಛತ್ರದ ಮಾತು ಇನ್ನೊಂದು ಸಲ ಆಡುವುದಕ್ಕೇ ಇರಬೇಕು. ಇವತ್ತು ಯಾರು ತಡೆದರೂ ನಿಲ್ಲುವವನಲ್ಲ ಎಂದುಕೊಂಡು ಅವನು ಹಿಂದಿರುಗಿಯೂ ನೋಡದೆ ಗೇರು ಬದಲಿಸಿದ.

ಕೆರೆಯಾಚೆಯ ಊರಿನಲ್ಲಿ ವ್ಯಾನು ಸಿಕ್ಕಿತು. ಡ್ರೈವರು ಕಾಗದ ಮುಂದೆ ಹಿಡಿದ. "ಸಹಿ ಇಲ್ದೆ ಕೊಡಲ್ಲ ಸಾರ್."

"ಪೆನ್ನೆಲ್ಲಯ್ಯಾ? ಈ ಪಂಚೇಲಿ ಜೇಬಿದೆಯಾ?" ಎಂದವನು, ಹಣೆಯ ಕುಂಕುಮವನ್ನು ಹೆಬ್ಬೆಟ್ಟಿಗೆ ಒರೆಸಿಕೊಂಡು ಕಾಗದದ ಮೇಲೆ ಒತ್ತಿದ. ಇಪ್ಪತ್ತೆರಡು ವರ್ಷ ಊರಿನವರಿಗೆಲ್ಲ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದ್ದು ಅವನೇ. "ಅರ್ಧ ಲೀಟರು ಕೊಡು ಸಾಕು."

"ಸೀಲು ಒಡೆದ ಕ್ಯಾನು ನಾನು ಒಯ್ಯಲ್ಲ. ಪೂರಾ ನೀವೇ ಇಟ್ಕೊಳ್ಳಿ."

ನಲವತ್ತು ಲೀಟರಿನ ಕ್ಯಾನನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಕೆರೆಕಟ್ಟೆಯ ಮೇಲೆ ಬರುತ್ತಿದ್ದಾಗ, ನೀರಿನಾಚೆಯಿಂದ ಓಲಗದ ದನಿ ಏರಿತು. ಡೋಲು ದಡಬಡಿಸಿತು. ಗಟ್ಟಿಮೇಳ! ಕದಿರಪ್ಪ ವೇಗ ಹೆಚ್ಚಿಸಿದ, ಹಾಲು ತುಳುಕಿತು. ವೇಗ ಇಳಿಸಿದ, ಮೇಳ ನಿಂತಿತು.

ಚಪ್ಪರಕ್ಕೆ ಬಂದಾಗ ಎಲ್ಲರ ತಲೆಯ ಮೇಲೂ ಅಕ್ಷತೆ. ಧನಶ್ರೀಯ ಕೊರಳಲ್ಲಿ ತಾಳಿ.

"ಹಾಲಿಲ್ದೆ ಹೆಂಗೆ..." ಎಂದು ತೊದಲಿದ.

ದೊಡ್ಡಗಂಗಮ್ಮ ಚೀಲದಿಂದ ಖಾಲಿ ಪ್ಯಾಕೆಟ್ಟೊಂದನ್ನು ತೆಗೆದು ತೋರಿಸಿದಳು. "ನಿನ್ ಟಿಫನ್ ಮದ್ವೇಲಿ ಕಾಫಿ ಸಿಗುತ್ತೋ ಇಲ್ವೋ ಅಂತ ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲೇ ಒಂದು ಪ್ಯಾಕೆಟ್ ಹಾಲು ತಗೊಂಡಿದ್ದೆ. ನಿಲ್ಲೋ ಅಂತ ಗಂಟ್ಲು ಹರ್ಕೊಂಡೆ. ನೀನು ನಿಂತ್ಯಾ? ಮುಹೂರ್ತ ಮೀರುತ್ತೆ, ಸೋದರತ್ತೆ, ಅವಳ ಗಂಡ ಎರೆದ್ರೂ ಆಗುತ್ತೆ ಅಂದ್ರು ಪುರೋಹಿತ್ರು. ನಾನೂ ನಿಮ್ಮ ಭಾವನೂ ಎರೆದ್ವಿ. ಚೆನ್ನಾಗಾಯ್ತು."

ಕದಿರಪ್ಪ ಕ್ಯಾನಿನ ಮೇಲೆಯೇ ಕುಳಿತ.

"ಏಳೋ, ಅದರ ಮೇಲೆ ಕೂತ್ರೆ ಆಯ್ತಾ? ನಲವತ್ತು ಲೀಟರು ಹಾಲು ಮಧ್ಯಾಹ್ನದ ಹೊತ್ತಿಗೆ ಒಡೆಯುತ್ತೆ. ಪಾಯಸ ಮಾಡಿಸ್ಬೇಕು." ಅವಳ ಕಣ್ಣು ಅರಳಿತು. "ಪಾಯಸ ಅಂದ್ಮೇಲೆ ಬರೀ ಪಾಯಸ ಬಡಿಸೋಕಾಗುತ್ತಾ? ಭಾರತೀ, ಅಕ್ಕಿ ಅಳಿಯೇ! ಬೇಳೆ ನೆನೆಹಾಕು!"

ಒಂಬತ್ತಕ್ಕೆ ಎಲೆ ಎತ್ತಬೇಕಾಗಿದ್ದ ಮದುವೆಯಲ್ಲಿ ಸಾಯಂಕಾಲ ಐದಕ್ಕೆ ಕಡೆಯ ಪಂಕ್ತಿ ಕೂತಿತು. ಆ ಪಂಕ್ತಿಯಲ್ಲಿ ಕುಳಿತವನು ಕದಿರಪ್ಪ ಒಬ್ಬನೇ. ಪಾಯಸ ಮುಗಿದಿತ್ತು.

ಕಿರಿಯ ಮಗಳು ಶಿವಾನಿ ಮೊಬೈಲು ಹಿಡಿದು ಪಕ್ಕದಲ್ಲಿ ಕುಳಿತಳು. "ಅಪ್ಪಾ, ತಾಳಿ ಕಟ್ಟೋ ವಿಡಿಯೋ. ಇದರಲ್ಲಿ ನೀನೂ ಇದ್ದೀಯ, ನೋಡು."

ಕದಿರಪ್ಪ ಕನ್ನಡಕ ಸರಿಮಾಡಿಕೊಂಡ. ಸುರೇಶ ತಾಳಿ ಕಟ್ಟುತ್ತಿದ್ದ. ಅವನ ಭುಜದಾಚೆ, ಚಪ್ಪರದ ತೋರಣದ ಸಂದಿಯಲ್ಲಿ, ದೂರದ ಕೆರೆಕಟ್ಟೆಯ ಮೇಲೆ, ರಾಗಿಕಾಳಿನಷ್ಟು ದೊಡ್ಡ ಪೇಟವೊಂದು ಮೆಲ್ಲಗೆ ಸಾಗುತ್ತಿತ್ತು.

ಅವನು ಬಾಳೆಲೆ ಮಡಚಿ ಎದ್ದು ನಿಂತ. ಪೇಟ ನೆಟ್ಟಗೆ ಮಾಡಿಕೊಂಡ. "ಆಗ್ಲಿ. ನಿನ್ನ ಮದ್ವೆ ಇನ್ನೂ ಇದೆಯಲ್ಲಾ! ಛತ್ರಾನೂ ಬೇಡ, ಬೆಳಗ್ಗೇನೂ ಬೇಡ. ಗೋಧೂಳಿ ಮುಹೂರ್ತ, ಸಾಯಂಕಾಲ ಸರಿಯಾಗಿ ಐದೂವರೆಗೆ. ಬೋಂಡ, ಕಾಫಿ, ಅಷ್ಟೇ. ಅದ್ಯಾವನು ಅಡ್ಡ ಬರ್ತಾನೋ ನಾನೂ ನೋಡ್ತೀನಿ!"

ಚಪ್ಪರದ ಬಾಗಿಲಲ್ಲಿ ಮುನೇಶ್ ನಿಂತಿದ್ದ. ಅವನ ಹಿಂದೆ ಅಂಜಮ್ಮ, ಅವಳ ಹಿಂದೆ ಬೀದಿಯ ತಿರುವಿನವರೆಗೆ ಸಾಲು.

"ಸಾರ್," ಎಂದ ಮುನೇಶ್, "ಸಾಯಂಕಾಲದ ಹಾಲು ಬಂದೈತೆ. ಮಿಷನ್ನು ಇಲ್ಲೇ ಇರ್ಲಾ, ಡೈರಿಗೆ ತಗೊಂಡ್ಹೋಗ್ಲಾ?"