ಬೀಗದವರ ಕಾರ್ಡಿಗೆ ನಾನೇ ‘ಓಕೆ’ ಬರೆದ ಬಗ್ಗೆ

ಇಂದ:
ಮುದ್ರಣ ಯಂತ್ರ ನಡೆಸುವವನು, ಹಿಂದಿನ ಕೋಣೆ

ಗೆ:
ಪ್ರೆಸ್ಸಿನ ಮಾಲೀಕರು, ಮುಂದಿನ ಕೋಣೆ

ವಿಷಯ: ಶನಿವಾರ ಅರ್ಧ ದಿನ ಯಂತ್ರ ನಿಲ್ಲಿಸಲು ಅನುಮತಿ ಕೋರಿ.

ಉಲ್ಲೇಖ: ನಿನ್ನೆ ತಾವು ಎಲ್ಲರೆದುರು ನನ್ನನ್ನು ಬೈದದ್ದು.

ಮಾನ್ಯರೇ,

ಮೂರನೇ ತರಗತಿಗೆ ಶಾಲೆ ಬಿಟ್ಟ ನನಗೆ ಬರುವ ಇಂಗ್ಲಿಷ್ ‘ಓಕೆ’ ಒಂದೇ. ಅದರ ಉಪಯೋಗಗಳನ್ನು ಈ ಕೆಳಗೆ ನಿವೇದಿಸಿಕೊಂಡಿದ್ದೇನೆ:

೧. ತಾವು ಫೋನಿನಲ್ಲಿ “ಓಕೆ ಓಕೆ” ಎಂದರೆ ಆ ಕಡೆಯವರು ಮಾತು ಮುಗಿಸಬೇಕು.

೨. ನನ್ನ ಸೊಸೆ ಮೆಲ್ಲಗೆ “ಓಕೆ ಮಾವ” ಎಂದರೆ ಆ ವಿಷಯ ಮತ್ತೆ ಎತ್ತುವಂತಿಲ್ಲ.

೩. ಡಾಕ್ಟರು “ಓಕೆ” ಎಂದರೆ ಸ್ಟೂಲಿನಿಂದ ಏಳಬೇಕು, ಅಷ್ಟೇ. ವಾಸಿಯಾಯಿತೆಂದು ತಿಳಿದು ನಾನು ಒಮ್ಮೆ ಮಾತ್ರೆಯನ್ನೇ ಬಿಟ್ಟಿದ್ದೆ.

೪. ನಮ್ಮ ಪ್ರೆಸ್ಸಿನಲ್ಲಿ ಗಿರಾಕಿ ಪ್ರೂಫ್ ಓದಿ, ಮೂಲೆಯಲ್ಲಿ ಕೈಯಾರೆ ಓಕೆ ಬರೆಯಬೇಕು. ಅದಿಲ್ಲದೆ ಮೂವತ್ತೆಂಟು ವರ್ಷ ನಾನು ಸ್ವಿಚ್ ಮುಟ್ಟಿದವನಲ್ಲ. ಈ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಹೀಗಿರುವಲ್ಲಿ, ಬೀಗ ರಿಪೇರಿಯವರು, ಹೆಂಡತಿ ತೀರಿಕೊಂಡು ವರ್ಷವಾದದ್ದಕ್ಕೆ ಸ್ಮರಣೆಯ ಕಾರ್ಡ್ ಮಾಡಿಸಲು ಬಂದರು. ಪ್ರೂಫ್ ಹಿಡಿದು ಅರ್ಧ ಗಂಟೆ ಮೊದಲ ಸಾಲಿನಲ್ಲೇ ಇದ್ದರು.

“ಆಗ್ತಿಲ್ಲ ಅಣ್ಣ. ನೀವೇ ನೋಡಿ ಓಕೆ ಬರೆದುಬಿಡಿ.”

“ನಾನು ನೋಡಿದೆ ಅಂದ್ರೆ ಮುಗೀತು. ನೀವು ಹೊರಡಿ” ಎಂದೆ.

ಕನ್ನಡಕ ಒರೆಸಿ ಅಕ್ಷರ ಅಕ್ಷರವಾಗಿ ನೋಡಿದೆ. ಒತ್ತು, ದೀರ್ಘ, ಮಸಿ ಎಲ್ಲ ಸರಿಯಿತ್ತು. ಅಕ್ಷರ ಜೋಡಿಸುವಾಗಲೇ ಗಂಡ ಹೆಂಡತಿಯ ಹೆಸರುಗಳು ಅದಲುಬದಲಾಗಿದ್ದದ್ದು ಮಾತ್ರ ಕಾಣಲಿಲ್ಲ. ಆದ ಕಾರಣ, ತೀರಿಕೊಂಡವರು ಬೀಗದವರೆಂದೂ, ಎಲ್ಲರನ್ನೂ ಬನ್ನಿ ಎಂದು ಕರೆಯುತ್ತಿರುವವರು ಅವರ ಹೆಂಡತಿಯೆಂದೂ ಇನ್ನೂರು ಕಾರ್ಡ್ ಅಚ್ಚಾದವು. ಒಂದರಲ್ಲೂ ಮಸಿ ಹರಡಿಲ್ಲ.

ನಿನ್ನೆ ಬೀಗದವರು ಕಾರ್ಡ್ ನೋಡಿ, ತಾವು ನನ್ನನ್ನು ಬೈದು ಮುಗಿಸುವವರೆಗೂ ಕಾದು, ನನಗೆ ಹೇಳಿದರು: “ಅವಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು. ಓದದೆ ಯಾವುದಕ್ಕೂ ಒಪ್ಕೋಬೇಡಿ ಅಂತ ಬಡ್ಕೊಂಡೆನಲ್ಲ ಅಂತಿದ್ಲು. ಶನಿವಾರ ಬರ್ತೀನಿ ಅಣ್ಣ. ಈ ಸಲ ನಾನೇ ಓದ್ತೀನಿ.”

ಆದ್ದರಿಂದ ಅಂದು ಯಂತ್ರದ ಸದ್ದು ನಿಲ್ಲಿಸಿ ಅವರ ಪಕ್ಕ ಕೂರಲು ಅನುಮತಿ ನೀಡಬೇಕು. ಆಮೇಲೆ ನನ್ನನ್ನು, ತಾವು ಅಂದಂತೆ, ಕಾಗದ ಕತ್ತರಿಸುವ ಮೇಜಿಗೆ ಹಾಕಬಹುದು. ನನ್ನ ತಕರಾರಿಲ್ಲ.

ತಮ್ಮ ವಿಶ್ವಾಸಿ,
(ನಿನ್ನೆಯವರೆಗೆ ವಿಶ್ವಾಸಾರ್ಹನೂ ಆಗಿದ್ದ)
ಯಂತ್ರದವನು

ಲಗತ್ತು:
೧. ತಪ್ಪು ಕಾರ್ಡ್, ಒಂದು.
೨. ತಿದ್ದಿದ ಪ್ರೂಫ್, ಮೂಲೆ ಖಾಲಿ.

ವಿ.ಸೂ.: ಅಂದು ಅವರು ಎಷ್ಟು ಹೊತ್ತು ತೆಗೆದುಕೊಂಡರೂ ತಾವು ಬಾಗಿಲಲ್ಲಿ ತಲೆ ಹಾಕಿ “ಓಕೆನಾ?” ಎಂದು ಕೇಳಬಾರದೆಂದು ಕೋರಿಕೆ.