‘ಪರವಾಗಿಲ್ಲ’ದ ಬಗ್ಗೆ ಮೆಚ್ಚುಗೆ ಡಬ್ಬಿಗೆ ಒಂದು ದೂರು

ಏಳನೇ ತರಗತಿಯ ಕಪಾಟಿನ ಮೇಲೆ ವಿರಾಜಮಾನರಾಗಿರುವ, ಹಿಂದೆ ಬಿಸ್ಕತ್ತಿನ ಡಬ್ಬಿಯಾಗಿದ್ದು ಈಗ ಮೆಚ್ಚುಗೆ ಡಬ್ಬಿಯಾಗಿ ಬಡ್ತಿ ಪಡೆದಿರುವ ಮಾನ್ಯರೇ,

ತಮ್ಮ ಮುಚ್ಚಳಕ್ಕೂ, ಬೆರಳು ಕೊಯ್ದುಕೊಂಡು ನಾನೇ ಅದರಲ್ಲಿ ಕೊರೆದ ಸೀಳಿಗೂ ನಮಸ್ಕಾರಗಳು. ಹತ್ತೊಂಬತ್ತು ವರ್ಷಗಳಿಂದ ಈ ಶಾಲೆಯಲ್ಲಿ ಗಣಿತ ಕಲಿಸುತ್ತಿರುವ ನಾನು ತಮ್ಮ ಮೇಲೆ ದೂರು ಕೊಡಬೇಕಾಗಿ ಬಂದಿರುವುದಕ್ಕೆ ವಿಷಾದಿಸುತ್ತೇನೆ.

ಮಕ್ಕಳಲ್ಲಿ ಆತ್ಮಗೌರವವನ್ನೂ ಪರಸ್ಪರ ಗೌರವವನ್ನೂ ಬೆಳೆಸುವುದು ಹೇಗೆಂಬ ಎರಡು ದಿನದ ತರಬೇತಿಯಲ್ಲಿ, ಮೊದಲ ದಿನ ತೂಕಡಿಸಿ ಎರಡನೇ ದಿನ ಆಕಳಿಸಿ, ನಾನು ಹೊತ್ತು ತಂದ ಒಂದೇ ಒಂದು ಉಪಾಯ ತಾವು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಒಬ್ಬೊಬ್ಬರೂ ಸಹಪಾಠಿಯೊಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ಬರೆದು, ಬರೆದವರ ಹೆಸರು ಹಾಕದೆ, ಚೀಟಿಯನ್ನು ಡಬ್ಬಿಗೆ ಹಾಕಬೇಕು. ನಾನು ಗಟ್ಟಿಯಾಗಿ ಓದಬೇಕು.

ಮೊದಲ ಶುಕ್ರವಾರ ತಾವು ಕಕ್ಕಿದ್ದು ಮೂವತ್ತನಾಲ್ಕು ಚೀಟಿ. ‘ಅವನು ಪರವಾಗಿಲ್ಲ.’ ‘ಇವಳೂ ಪರವಾಗಿಲ್ಲ.’ ‘ಅಕ್ಷರ ಪರವಾಗಿಲ್ಲ, ಮನುಷ್ಯನೂ ಪರವಾಗಿಲ್ಲ.’ ಹೀಗೆ ಮೂವತ್ತಮೂರು. ಒಳ್ಳೆಯ ಮಾತೆಂದರೆ ಇದೇನಾ ಎಂದು ನಾನು ಗದರಿದಾಗ ಮುಂದಿನ ಬೆಂಚಿನ ವಾಚಾಳಿ ಎದ್ದು ನಿಂತು, “ಮೇಡಂ, ನೂರಕ್ಕೆ ನೂರು ಬಂದ್ರೂ ನೀವು ಅಷ್ಟೇ ಅಲ್ವಾ ಹೇಳೋದು?” ಎಂದಳು. ಬಿತ್ತಿದಂತೆ ಬೆಳೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೀಗೆ ಮೇಜಿನ ಮೇಲೆ ಸುರಿದು ತೋರಿಸುತ್ತೀರೆಂದು ಗೊತ್ತಿರಲಿಲ್ಲ.

ಉಳಿದ ಒಂದು ಚೀಟಿ ನಿಯಮ ಮುರಿದು ನನ್ನ ಬಗ್ಗೆಯೇ ಇತ್ತು. ‘ಮೇಡಂ ಸ್ಕೇಲ್ ಇಲ್ಲದೆ ಬೋರ್ಡಿನ ಮೇಲೆ ನೇರ ಗೆರೆ ಎಳೀತಾರೆ. ನೋಡೋಕೆ ತುಂಬಾ ಚೆನ್ನಾಗಿರುತ್ತೆ.’ ನನ್ನ ಈ ಗುಟ್ಟಾದ ಹೆಮ್ಮೆ ನನ್ನ ಯಜಮಾನರಿಗೂ ತಿಳಿಯದು. ಪ್ರತಿ ಅಕ್ಷರವನ್ನೂ ಎರಡೆರಡು ಸಲ ತಿದ್ದಿದ್ದ ಆ ಬರಹ ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು. ಲೆಕ್ಕ ನಿಧಾನವಾಗಿ ಮಾಡುತ್ತಾಳೆಂದು ಶಾಲೆ ಶುರುವಾದ ವಾರವೇ ನಾನು ‘ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟು, ತರಗತಿಯನ್ನೆಲ್ಲ ನಗಿಸಿದ್ದೆನಲ್ಲ, ಆ ಹುಡುಗಿಯದು. ಅಂದಿನಿಂದ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇದೆ. ನನಗೆ ನಾಚಿಕೆಯಾಯಿತು.

ಆದ್ದರಿಂದ ವಿನಂತಿ: ಇನ್ನು ಮುಂದೆ ಶಿಕ್ಷಕಿಯ ಮಾನ ತೆಗೆಯುವಂಥ ಚೀಟಿಗಳನ್ನು ತಾವೇ ಅರಗಿಸಿಕೊಳ್ಳಬೇಕು, ಆಗದಿದ್ದರೆ ನನ್ನ ನಿವೃತ್ತಿಯವರೆಗೆ ತುಕ್ಕು ಹಿಡಿದು ಬಾಯಿ ಬಿಗಿದುಕೊಂಡಿರಬೇಕು, ಅದೂ ಆಗದಿದ್ದರೆ ನಾನು ಈವರೆಗೆ ಹಂಚಿದ ಪರವಾಗಿಲ್ಲಗಳನ್ನೆಲ್ಲ, ಈಗ ಮೀಸೆ ಬಂದವರಿಂದಲೂ ತಾಯಂದಿರಾದವರಿಂದಲೂ, ಮನೆಮನೆಗೆ ಹೋಗಿ ವಾಪಸು ತರಬೇಕು.

ಸೋಮವಾರ ಎಲ್ಲರೆದುರು, ಆ ಅಡ್ಡಹೆಸರಿಟ್ಟದ್ದು ನನ್ನ ತಪ್ಪು, ಇನ್ನು ಯಾರೂ ಹಾಗೆ ಕರೆಯಕೂಡದು ಎಂದು ಹೇಳಿ, ಅವಳನ್ನು ಹಾಜರಿ ಪುಸ್ತಕದ ಹೆಸರಿನಿಂದ ಕರೆದು ಕ್ಷಮೆ ಕೇಳಿದೆ. ಅವಳು ನಿಧಾನವಾಗಿ ಎದ್ದಳು, ನಿಧಾನವಾಗಿ ಯೋಚಿಸಿದಳು, “ಪರವಾಗಿಲ್ಲ ಮೇಡಂ” ಎಂದಳು. ಇಷ್ಟು ವರ್ಷ ಆಡಿದ ಆ ಮಾತು ಇಷ್ಟು ದೊಡ್ಡದೆಂದು ನನಗೆ ತಿಳಿದೇ ಇರಲಿಲ್ಲ.

ತಮ್ಮ ವಿಶ್ವಾಸಿ, ತೂಕಡಿಕೆಯಿಂದ ತಡವಾಗಿ ಎದ್ದ,
ಗಣಿತದ ಮೇಡಂ

ತಾ.ಕ.: ಈ ಪತ್ರವನ್ನು ಮೊದಲು ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ತೋರಿಸಿದೆ, ನಾನು ಏಳನೇ ತರಗತಿಯಲ್ಲಿದ್ದಾಗ ನನಗೆ ಗಣಿತ ಕಲಿಸಿದವರು ಅವರೇ. ಕೊನೆಯವರೆಗೂ ಓದಿ, ಕನ್ನಡಕ ತೆಗೆದು, “ಪರವಾಗಿಲ್ಲ” ಎಂದರು. ತಮ್ಮ ಬಂಧುಬಳಗದಲ್ಲಿ ಖಾಲಿ ಡಬ್ಬಿ ಇನ್ನೊಂದಿದ್ದರೆ, ದಯವಿಟ್ಟು ಅವರ ಕೋಣೆಗೆ ಕಳುಹಿಸಿಕೊಡಿ.