ಕುರಿಚರ್ಮಕ್ಕೆ ಅರಿಶಿನ ಕುಂಕುಮ

ಕಾಗದಪತ್ರ ಜೋಪಾನ ಮಾಡುವುದರಲ್ಲಿ ಇಡೀ ಸ್ಯಾನ್ ಡಿಯಾಗೋದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ನಮ್ಮ ಮನೆಯಲ್ಲಿ ಮದುವೆಯ ಲಗ್ನಪತ್ರಿಕೆಗೂ ಲ್ಯಾಮಿನೇಷನ್ ಆಗಿದೆ! ಆದ್ದರಿಂದಲೇ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ನಮ್ಮ ಪಕ್ಕದ ಮನೆಯ ಸಲೀಂ ಅಂಕಲ್ ತಮ್ಮ ಪ್ರಾಣದಂಥ ವಸ್ತುವನ್ನು ನನ್ನ ಕೈಗೆ ಕೊಟ್ಟರು.

ಅದು ಆರುನೂರು ವರ್ಷಗಳ ಹಿಂದೆ ಯಾರೋ ಕೈಯಲ್ಲಿ ಬರೆದ ಇಂಗ್ಲೆಂಡಿನ ಚರಿತ್ರೆಯ ಒಂದೇ ಒಂದು ಹಾಳೆ. ಮೈಸೂರಿನಲ್ಲಿ ಇತಿಹಾಸ ಕಲಿಸುತ್ತಿದ್ದ ಅಂಕಲ್ ಅದನ್ನು ಹರೆಯದಲ್ಲಿ ಕೊಂಡವರು. ಈಗ ಲಾಸ್ ಏಂಜಲೀಸ್‌ನ ಒಂದು ಲೈಬ್ರರಿಗೆ ದಾನ ಕೊಡಬೇಕು, ಕೊನೆಯ ಮಾಲೀಕ ಎಂದು ತಮ್ಮ ಹೆಸರು ದಾಖಲಾಗಬೇಕು ಎಂಬುದೊಂದೇ ಅವರ ಆಸೆ. ಕಣ್ಣಿನ ಆಪರೇಷನ್ ಆಗಿದ್ದರಿಂದ ಅವರು ಡ್ರೈವ್ ಮಾಡುವಂತಿರಲಿಲ್ಲ.

"ನಾಳೆ ತಲುಪಿಸಿಬಿಡಿ ಮೂರ್ತಿ. ಲ್ಯಾಮಿನೇಟ್ ಮಾತ್ರ ಮಾಡ್ಬೇಡಿ!"

ಮಾಡಲಿಲ್ಲ. ಆದರೆ ಅವತ್ತು ಸರಸ್ವತಿ ಪೂಜೆ. ಮಗಳ ಟೆಕ್ಸ್ಟ್‌ಬುಕ್‌ಗಳಿಗೇ ಅರಿಶಿನ ಕುಂಕುಮ ಹಚ್ಚುವವನು ಆರುನೂರು ವರ್ಷದ ವಿದ್ಯೆಗೆ ಹಚ್ಚದೆ ಬಿಡಲೇ? ಹಾಳೆಯನ್ನು ಕವರಿನಿಂದ ಹೊರತೆಗೆದು, ಪುಸ್ತಕಗಳ ಮೇಲಿಟ್ಟು, ಭಕ್ತಿಯಿಂದ ಬೊಟ್ಟಿಟ್ಟೆ.

ಹೆಂಡತಿ ಸುಮಾ ಬಗ್ಗಿ ನೋಡಿದಳು. "ಏನ್ರೀ ಇದು, ಪೇಪರ್ ಥರ ಇಲ್ವಲ್ಲ?"

"ಕುರಿ ಚರ್ಮ ಕಣೆ. ಆಗೆಲ್ಲ ಅದರ ಮೇಲೇ ಬರೀತಿದ್ರು."

"ಅಯ್ಯೋ! ಚರ್ಮ ತಂದು ದೇವರ ಮುಂದೆ ಇಟ್ಟಿದೀರಾ? ಅದೂ ಬೇರೆಯವರದ್ದು! ಮೇಲೆ ಅರಿಶಿನ ಬೇರೆ ಬಳಿದಿದೀರಾ! ಅಂಕಲ್‌ಗೆ ಹೇಗೆ ಮುಖ ತೋರಿಸ್ತೀರಾ?"

ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಬೊಟ್ಟಿನಷ್ಟಿದ್ದ ಹಳದಿ ಅಂಗೈಯಗಲವಾಯಿತು. ಒಣಗಿಸಲು ಹೇರ್ ಡ್ರೈಯರ್ ಹಿಡಿದೆ. ಹಾಳೆ ಸುಟ್ಟ ಹಪ್ಪಳದಂತೆ ಮುದುರಿಕೊಂಡಿತು!

ಮರುದಿನ ಲೈಬ್ರರಿಯ ತಜ್ಞೆ ಲೆನ್ಸ್ ಹಿಡಿದು ಹಾಳೆಯ ಜಾತಕ ಓದತೊಡಗಿದರು. "ಈ ತೂತು ಹುಳದ್ದು. ಇದು ಮೇಣದಬತ್ತಿಯ ಹನಿ. ಇಲ್ಲಿ ಯಾರೋ ಹಳೆಯ ಮಾಲೀಕ ಹೆಸರು ಬರೆದಿದ್ದಾನೆ. ಈ ಹಳದಿ ಯಾವ ಕಾಲದ್ದು?"

"ಈಚಿನದು," ಎಂದೆ.

"ಎಷ್ಟು ಈಚಿನದು?"

"ನಿನ್ನೆಯದು."

ಅವರು ಬೈಯಲಿಲ್ಲ. "ಇದೂ ಇದರ ಚರಿತ್ರೆಯೇ" ಎನ್ನುತ್ತಾ ನನ್ನ ಪೂರ್ತಿ ಹೆಸರು ಕೇಳಿ ಬರೆದುಕೊಂಡರು. ಬೈದಿದ್ದರೇ ವಾಸಿಯಿತ್ತು.

ವಾಪಸ್ ಬಂದು ಅಂಕಲ್ ಮುಂದೆ ತಲೆತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ.

"ಆ ಹಾಳೆಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ ಬಿಡಿ," ಎಂದರು ಅಂಕಲ್. "ಇನ್ಮೇಲೆ ನನ್ನ ಸಾಮಾನಿಗೆ ಕೊಡ್ಬೇಡಿ."

ಮೊನ್ನೆ ಲೈಬ್ರರಿಯ ದಾಖಲೆ ಬಂತು. ಮಾಲೀಕರ ಪಟ್ಟಿಯ ಕೊನೆಯಲ್ಲಿ ಸಲೀಂ ಅಂಕಲ್ ಹೆಸರಿದೆ. ನನ್ನದೂ ಇದೆ, ಹಾನಿಗಳ ಪಟ್ಟಿಯಲ್ಲಿ, ಹುಳದ ಕೆಳಗೆ. ಪಾಪ, ಆ ಹುಳ ಒಂದು ತೂತು ಮಾಡಿ ತನ್ನ ಪಾಡಿಗೆ ಹೋಗಿತ್ತು. ಹೇರ್ ಡ್ರೈಯರ್ ಹಿಡಿದಿರಲಿಲ್ಲ!